ಬೇವಿನ ಮರದಾಚೆಯ ಏರು

ಹೋದ ತಿಂಗಳು ಕಣ್ಣು ತೋರಿಸಲು ವಿಜಯಪುರದ ದವಾಖಾನೆಯೊಂದಕ್ಕೆ ಹೋಗಿದ್ದೆ. ಡಾಕ್ಟರು ಕೂರುವುದು ಮೂರನೇ ಮಹಡಿಯಲ್ಲಿ. ಲಿಫ್ಟು ಇದೆ, ಅದರ ಬಾಗಿಲಿಗೆ 'ಕೆಟ್ಟಿದೆ' ಎಂದು ಬರೆದ ರಟ್ಟೂ ಇದೆ. ಆ ರಟ್ಟು ಎಷ್ಟು ಹಳೆಯದೆಂದರೆ ಅಕ್ಷರವೇ ಮಾಸಿಹೋಗಿ, ಕೆಲವರು ಲಿಫ್ಟಿನೆದುರು ನಿಂತು ಕಾಯುತ್ತಲೇ ಇದ್ದರು. ನಾನು ಮೆಟ್ಟಿಲು ಹಿಡಿದೆ. ಅರ್ಧ ಹತ್ತಿರಬೇಕು, ಬಲಗೈ ತಾನಾಗಿಯೇ ಎದ್ದು ಸೆರಗನ್ನು ತಲೆಯ ಮೇಲೆ ಎಳೆಯಿತು. ಮೇಲಿನಿಂದ ಇಳಿದು ಬರುತ್ತಿದ್ದ ನರ್ಸು ನೋಡಿ, "ಯಾಕ್ರಿ ಅಮ್ಮಾರ, ಒಳಗೂ ಬಿಸಿಲ ಹತ್ತಾಕತ್ತೈತೇನ್ರಿ?" ಎಂದು ನಕ್ಕಳು. ನಾನೂ ನಕ್ಕೆ, ಆದರೆ ಸೆರಗು ತೆಗೆಯಲಿಲ್ಲ.

ಇದು ನನ್ನ ಹಳೆಯ ಚಟ. ಸಪಾಟು ನೆಲದಲ್ಲಿ ನಾನು ಎಲ್ಲರಂತೆಯೇ ಇರುತ್ತೇನೆ. ಏರು ಬಂತೋ, ಅರ್ಧ ಮುಟ್ಟುತ್ತಿದ್ದಂತೆ ಸೆರಗು ತಲೆಗೆ ಹೋಗುತ್ತದೆ. ಒಮ್ಮೆ ನರಗಳ ಡಾಕ್ಟರಿಗೆ ತೋರಿಸೋಣವೇ ಎಂದು ಮಗಳು ಕೇಳುತ್ತಾಳೆ. ಇದು ನರದ ತೊಂದರೆಯಲ್ಲ, ಮಾವನ ಮರ್ಯಾದೆ ಎಂದರೆ ಅವಳಿಗೆ ಅರ್ಥವಾಗುವುದಿಲ್ಲ. ಅರ್ಥವಾಗುವಂತೆ ಹೇಳಬೇಕಾದರೆ ಒಂದು ಸೈಕಲ್ಲನ್ನೂ ಒಂದು ಎತ್ತನ್ನೂ ಕರೆತರಬೇಕು. ನಿಮಗೆ ಪುರಸೊತ್ತಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಇದೇ ಊರಲ್ಲಿ, ಎಲ್ಲರೂ ಇದನ್ನು ಬಿಜಾಪುರ ಎನ್ನುತ್ತಿದ್ದ ಕಾಲದಲ್ಲಿ. ಅಂಗೈಯಂಥ ಊರು. ಚೆಂಡು ಕೈತಪ್ಪಿದರೆ ಬಿದ್ದಲ್ಲೇ ಬಿದ್ದಿರುತ್ತಿತ್ತು, ಉರುಳಿಹೋಗಲು ಇಳಿಜಾರೇ ಇರಲಿಲ್ಲ. ಏರು ಅಂತ ನಾನು ಕಂಡದ್ದು ಗೋಳಗುಮ್ಮಟದ ಮೆಟ್ಟಿಲು ಮಾತ್ರ. ಶಾಲೆಯಿಂದ ಮೂರು ಸಲ ಕರೆದುಕೊಂಡು ಹೋಗಿದ್ದರು. ಮೂರು ಸಲವೂ ನಾನು ನಾಲ್ಕನೇ ಅಂತಸ್ತಿನ ಕಿಂಡಿಯ ಹತ್ತಿರ ಕೂತುಬಿಟ್ಟೆ. ಮೇಲೆ ಹೋದ ಗೆಳತಿಯರು ತಮ್ಮ ತಮ್ಮ ಹೆಸರು ಕೂಗಿ, ಗುಮ್ಮಟ ಅದನ್ನು ಮತ್ತೆ ಮತ್ತೆ ಹೇಳುವುದನ್ನು ಕೇಳಿಸಿಕೊಂಡು ಬರುತ್ತಿದ್ದರು. ಹುಟ್ಟೂರಿನ ಗುಮ್ಮಟ ನನ್ನ ಹೆಸರನ್ನು ಒಂದು ಸಲವೂ ಹೇಳಿಲ್ಲ. ಇಳಿಯುವಾಗ ಮಾತ್ರ ನಾನೇ ಎಲ್ಲರಿಗಿಂತ ಮುಂದೆ ಇರುತ್ತಿದ್ದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಮದುವೆಯಾಗಿ ತಿಕೋಟಾಕ್ಕೆ ಬಂದೆ. ಗಂಡ ಬಿಜಾಪುರದ ಕಚೇರಿಯೊಂದರಲ್ಲಿ ಕಾರಕೂನರು, ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದರು. ಮನೆಯಲ್ಲಿ ಅತ್ತೆ, ಮಾವ ಮತ್ತು ಎರಡು ಎತ್ತು. ನನಗೆ ಮೊದಲೇ ಪ್ರಾಥಮಿಕ ಶಾಲೆಯ ನೌಕರಿ ಇತ್ತು. ಮದುವೆಯ ನಂತರ ಕೊಟ್ಟ ಶಾಲೆ ತಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವ ಒಂದು ಚಕ್ಕಡಿ ಹಾದಿಯಲ್ಲಿ, ಮಡ್ಡಿಯ ಆಚೆಗೆ ತೋಟದ ಮನೆಗಳು ಗುಂಪಾಗಿದ್ದ ವಸ್ತಿಯಲ್ಲಿತ್ತು. ಕರಿ ಎರೆ ಹೊಲ ಮುಗಿದು ಕಲ್ಲು ನೆಲ ಮೇಲೇಳುತ್ತದಲ್ಲ, ಆ ದಿಬ್ಬಕ್ಕೆ ನಮ್ಮಲ್ಲಿ ಮಡ್ಡಿ ಎನ್ನುತ್ತಾರೆ. ಹೋಗಲು ನಾಲ್ಕು ಮೈಲು, ಬರಲು ನಾಲ್ಕು ಮೈಲು. ಒಂದು ವರ್ಷ ನಡೆದೇ ಓಡಾಡಿದೆ. ಚಪ್ಪಲಿ ಸವೆದವು, ಅವುಗಳ ಜೊತೆಗೆ ನಾನೂ ಸವೆದೆ.

ಅಷ್ಟರಲ್ಲಿ ಗಂಡನ ಕಚೇರಿಯ ಪಕ್ಕದ ದವಾಖಾನೆಯ ನರ್ಸಬಾಯಿಯೊಬ್ಬರಿಗೆ ವರ್ಗವಾಗಿ, ಅವರ ಲೇಡೀಸ್ ಸೈಕಲ್ಲು ಮಾರಾಟಕ್ಕೆ ಬಂತು. ನನ್ನವರು ಅದನ್ನು ಕೊಂಡು, ತಾವೇ ತುಳಿದುಕೊಂಡು ತಿಕೋಟಾಕ್ಕೆ ತಂದರು. ಇಟ್ಟಂಗಿಹಾಳದ ಹತ್ತಿರ ಚಹಾ ಕುಡಿಯಲು ನಿಂತರೆ, ಅಲ್ಲಿ ಕೂತವರು ಸೈಕಲ್ಲನ್ನು ಒಂದು ಸುತ್ತು ನೋಡಿ, "ಸಾಹೇಬರ, ನಡುವಿನ ಕೋಲು ಎಲ್ಲಿ ಬೀಳಿಸ್ಕೊಂಡ ಬಂದ್ರಿ?" ಎಂದು ಕೇಳಿದರಂತೆ. ಮನೆಗೆ ಬಂದವರು ಸೈಕಲ್ಲನ್ನು ಗೋಡೆಗೆ ಒರಗಿಸಿ, ನೀರು ಕೂಡ ಕುಡಿಯದೆ ಮಲಗಿಬಿಟ್ಟರು.

ನನಗೆ ಹೆದರಿಕೆ ಇದ್ದದ್ದು ಮಾವನದು. ಹೊಲದಿಂದ ಬಂದವರು ಸೈಕಲ್ಲನ್ನು ನೋಡಿದರು. ಹೆಬ್ಬೆರಳಿನಿಂದ ಮುಂದಿನ ಗಾಲಿ ಒತ್ತಿದರು, ಹಿಂದಿನದನ್ನೂ ಒತ್ತಿದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ಉಸಿರು ಹಿಡಿದು ನಿಂತಿದ್ದೆ. ಮಾವ ಅತ್ತೆಯ ಕಡೆ ತಿರುಗಿ, "ಬ್ರೇಕ್ ಸಡಿಲ ಅದಾವು. ಖಾಜಾಸಾಬನ ಕಡೆ ಹೋಗಿ ಬಿಗಿ ಮಾಡಿಸ್ಕೋ ಅಂತ ಹೇಳು ಆಕಿಗಿ" ಎಂದರು. ಆಕಿ ಎಂದರೆ ನಾನು. ಮೂರು ಮಾರು ದೂರದಲ್ಲಿದ್ದೆ. ಅತ್ತೆ ನನ್ನ ಕಡೆ ತಿರುಗಿ, "ಕೇಳಿದೆಲ್ಲ ಬೇ?" ಎಂದರು. "ಹೂನ್ರಿ ಅಂತ ಹೇಳ್ರಿ ಅತ್ತಿ" ಎಂದೆ. ಅತ್ತೆ ಮಾವನಿಗೆ, "ಹೂಂ ಅಂದ್ಳು" ಎಂದರು.

ನಮ್ಮ ಮನೆಯಲ್ಲಿ ಮಾತು ಹೀಗೆ ಬಳಸಿಕೊಂಡು ಹೋಗುತ್ತಿತ್ತು. ಮಾವನೆದುರು ಸೊಸೆ ಕೂರುವಂತಿಲ್ಲ, ಚಪ್ಪಲಿ ಮೆಟ್ಟಿ ಹಾಯುವಂತಿಲ್ಲ, ಬರಿದಲೆಯಲ್ಲಿ ನಿಲ್ಲುವಂತಿಲ್ಲ. ನೇರವಾಗಿ ಮಾತಾಡುವುದಂತೂ ದೂರವೇ ಉಳಿಯಿತು. ಮಾವನಿಗೂ ಅಷ್ಟೇ ಕಟ್ಟು. ಮನೆಯೊಳಗೆ ಬರುವ ಮುನ್ನ ಅಂಗಳದಲ್ಲಿ ಒಮ್ಮೆ ಕೆಮ್ಮುತ್ತಿದ್ದರು, ನಾನು ಕೂತಿದ್ದರೆ ಏಳಲಿ ಎಂದು. ಒಳ್ಳೆಯ ಮನುಷ್ಯ, ಒಂದು ದಿನ ಗದರಿದವರಲ್ಲ. ಆದರೆ ಆ ಕೆಮ್ಮಿನಿಂದ ನನ್ನ ಬದುಕೆಲ್ಲ ಅರ್ಧರ್ಧವಾಗಿತ್ತು. ಕುಡಿಯುತ್ತಿದ್ದ ಚಹಾ ಅರ್ಧಕ್ಕೆ, ಬಿಡಿಸುತ್ತಿದ್ದ ಕಾಳು ಅರ್ಧಕ್ಕೆ, ಅತ್ತೆಗೆ ಹೇಳುತ್ತಿದ್ದ ಶಾಲೆಯ ಸುದ್ದಿ ಅರ್ಧಕ್ಕೆ ನಿಲ್ಲುತ್ತಿತ್ತು. ಅತ್ತೆ ಮರುದಿನ "ನಿನ್ನಿ ಏನೋ ಹೇಳಾಕತ್ತಿದ್ಯಲ್ಲ" ಎನ್ನುವಷ್ಟರಲ್ಲಿ ಅದರ ರುಚಿ ಹೋಗಿರುತ್ತಿತ್ತು.

ಇರಲಿ, ಸೈಕಲ್ಲಿಗೆ ಬರೋಣ. ನಾನು ಕಲಿತದ್ದು ನಮ್ಮ ಕಣದಲ್ಲಿ. ಜೋಳದ ರಾಶಿ ಮುಗಿದಿತ್ತು. ಸಗಣಿ ಬಳಿದ ನುಣ್ಣನೆಯ ನೆಲ, ನಡುವೆ ಮೇಟಿ ಕಂಬ. ಎತ್ತುಗಳನ್ನು ಸಾಲಾಗಿ ಕಟ್ಟಿ ಹಂತಿ ಹೊಡೆದಾಗ ಅವು ಆ ಕಂಬವನ್ನು ಸುತ್ತಿ ಸುತ್ತಿ ತೆನೆ ತುಳಿದು ಹೋಗಿದ್ದವು. ಈಗ ನಾನು ಸುತ್ತತೊಡಗಿದೆ. ನನ್ನವರು ಸೀಟು ಹಿಡಿದು ಹಿಂದೆ ಓಡುತ್ತಿದ್ದರು. ಹದಿನೈದು ದಿನಕ್ಕೆ ಎಷ್ಟು ಚೆನ್ನಾಗಿ ಕಲಿತೆನೆಂದರೆ, ಕೈಬಿಟ್ಟು ಮೇಟಿ ಮುಟ್ಟಿ ಬರುತ್ತಿದ್ದೆ. ಜಂಬದಿಂದ ರಸ್ತೆಗೆ ಇಳಿದೆ. ಸೈಕಲ್ಲು ಹತ್ತು ಮಾರು ನೆಟ್ಟಗೆ ಹೋಗಿ, ಎಡಕ್ಕೆ ವಾಲಿ, ಜಾಲಿ ಕಂಟಿಯೊಳಗೆ ನುಗ್ಗಿತು. ಎಬ್ಬಿಸಿಕೊಂಡು ಮತ್ತೆ ಹತ್ತಿದೆ, ಮತ್ತೆ ಎಡಕ್ಕೇ ಹೋಯಿತು. ಕಣದಲ್ಲಿ ನಾನು ಎಡಕ್ಕೆ ಸುತ್ತುವುದನ್ನು ಬಿಟ್ಟು ಬೇರೇನೂ ಕಲಿತಿರಲಿಲ್ಲ! ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು, "ರಾಶಿ ಮುಗದೈತಿ, ಇನ್ನರ ಹಂತಿ ಹೊಡಿಯೂದ ಬಿಡ ಬೇ" ಎಂದರು. ಬಲಗಡೆಯೆನ್ನುವ ಒಂದು ದಿಕ್ಕು ಇದೆ ಎಂದು ನನ್ನ ಕೈಗೆ ತಿಳಿಸಿ ಹೇಳಲು ಇಡೀ ಬೇಸಿಗೆ ರಜೆ ಬೇಕಾಯಿತು.

ಇನ್ನೊಂದು ಊನವಿತ್ತು. ನನಗೆ ಸೈಕಲ್ ಹತ್ತಲು ಕಲ್ಲು ಬೇಕು. ಎಡಗಾಲು ಕಲ್ಲಿನ ಮೇಲೆ ಊರಿ, ಸೀಟಿನ ಮೇಲೆ ಕೂತು, ಆಮೇಲೆ ದೂಡಿಕೊಳ್ಳಬೇಕು. ತಿಕೋಟಾದಿಂದ ವಸ್ತಿಯವರೆಗೆ ಎಲ್ಲೆಲ್ಲಿ ಅನುಕೂಲದ ಕಲ್ಲುಗಳಿವೆ ಎಂದು ನನಗೆ ಬಾಯಿಪಾಠವಾಗಿತ್ತು. ಮಡ್ಡಿಯ ಏರಿನಲ್ಲಿ ಮಾತ್ರ, ಅಷ್ಟು ಕಲ್ಲುಗಳ ನಡುವೆ, ನನ್ನ ಕಾಲಿಗೆ ಸರಿಹೊಂದುವ ಒಂದು ಕಲ್ಲೂ ಇರಲಿಲ್ಲ. ಅಲ್ಲಿ ಇಳಿದೆನೆಂದರೆ ತುದಿಯವರೆಗೆ ದೂಡಿಕೊಂಡೇ ಹೋಗಬೇಕು.

ಆ ಏರು ಅಂತಿಂಥದ್ದಲ್ಲ. ನಿಡೋಣಿ ಕಡೆ ಹೇರು ಒಯ್ಯುವ ಚಕ್ಕಡಿಗಳು ಕೂಡ ನಡುವಿನ ಬೇವಿನ ಮರದ ಕೆಳಗೆ ನಿಂತು, ಗಾಲಿಗೆ ಕಲ್ಲು ಕೊಟ್ಟು, ಎತ್ತುಗಳಿಗೆ ಉಸಿರು ತೆಗೆದುಕೊಳ್ಳಲು ಬಿಡುತ್ತಿದ್ದವು. ಜೂನಿನಲ್ಲಿ ಶಾಲೆ ಶುರುವಾದಾಗ ನಾನು ಏರಿನ ಬುಡದಲ್ಲೇ ಇಳಿಯುತ್ತಿದ್ದೆ. ಒಂದು ದಿನ ಬ್ರೇಕು ಬಿಗಿ ಮಾಡುತ್ತ ಖಾಜಾಸಾಬ ಕೇಳಿದ, "ಬಾಯಾರ, ಮಡ್ಡಿ ಏರು ಹತ್ತತೀರೇನ್ರಿ?" ತಿಕೋಟಾದಲ್ಲಿ ಸೈಕಲ್ ರಿಪೇರಿಗೆ ಆತನೇ ಎಲ್ಲರಿಗೂ ದಿಕ್ಕು. ಇಲ್ಲವೆಂದೆ. "ನೆಟ್ಟಗ ಹತ್ತಾಕ ಹೋಗಬ್ಯಾಡ್ರಿ. ಚಕ್ಕಡಿ ಹೋಗತಾವಲ್ಲ, ಹಂಗ ಆ ಮಗ್ಗಲಿಂದ ಈ ಮಗ್ಗಲಿಗೆ ವಾರಿ ಮಾಡ್ಕೋತ ಹೋಗ್ರಿ. ಜಲ್ದಿ ಮಾಡಬ್ಯಾಡ್ರಿ. ಏರು ಎಲ್ಲಿಗೂ ಓಡಿ ಹೋಗಾಂಗಿಲ್ಲ." ಬಲಕ್ಕೆ ತಿರುಗಲು ಕಲಿತದ್ದು ಆಗ ಉಪಯೋಗಕ್ಕೆ ಬಂತು.

ಸೆರಗನ್ನು ಸೊಂಟಕ್ಕೆ ಬಿಗಿದು, ಒಂದು ವಾರ ಐವತ್ತು ಮಾರು, ಇನ್ನೊಂದು ವಾರ ಎಪ್ಪತ್ತು ಮಾರು ಹತ್ತಿದೆ. ಮಳೆಗಾಲದಲ್ಲಿ ಕೆಸರಿನಿಂದ ಎಲ್ಲ ಬುಡಕ್ಕೇ ಬಂತು. ನವರಾತ್ರಿ ಮುಗಿದ ಮೇಲೆ ಮತ್ತೆ ಶುರು ಮಾಡಿದೆ. ತೊಡೆ ಉರಿಯುತ್ತಿತ್ತು, ಕಿವಿಯೊಳಗೆ ಎದೆಯ ಬಡಿತ ಕೇಳುತ್ತಿತ್ತು. ಒಂದು ಮುಂಜಾನೆ ಬೇವಿನ ಮರದ ನೆರಳು ನನ್ನ ಮುಂದಿನ ಗಾಲಿಯ ಮೇಲೆ ಬಿತ್ತು. ಅರ್ಧ ಏರು ಹತ್ತಿದ್ದೆ. ಕಾಲಲ್ಲಿ ಇನ್ನೂ ಬಲವಿತ್ತು, ಉಸಿರೂ ಇತ್ತು. ಇವತ್ತು ತುದಿ ಮುಟ್ಟುತ್ತೇನೆ ಎಂದು ತಲೆಯೆತ್ತಿದರೆ, ಮರದ ಪಕ್ಕದಲ್ಲಿ ಮಾವ ನಿಂತಿದ್ದರು.

ಯಾಕೆಂದರೆ ಅದು ನಮ್ಮದೇ ಹೊಲ. ದಾರಿಯ ಬದಿಗೆ ಸಜ್ಜೆ, ಶೇಂಗಾ ಬೆಳೆಯುವ ಮಡ್ಡಿ ಹೊಲ. ಇಷ್ಟು ದಿನ ನಾನು ದೂಡಿಕೊಂಡು, ಸೆರಗು ಹೊದ್ದು, ತಲೆ ತಗ್ಗಿಸಿ ಅವರನ್ನು ಹಾದು ಹೋಗುತ್ತಿದ್ದೆನಾದ್ದರಿಂದ ತೊಂದರೆ ಗೊತ್ತಾಗಿರಲಿಲ್ಲ. ಈಗ ಗೊತ್ತಾಯಿತು. ಮಾವನೆದುರು ಸೊಸೆ ಸೈಕಲ್ಲಿನ ಮೇಲೆ ಕೂತು ಹಾಯುವುದೇ? ಗಕ್ಕನೆ ಇಳಿದೆ. ಸೆರಗು ತಲೆಗೆ ಹೋಯಿತು, ಚಪ್ಪಲಿ ಕೈಗೆ ಬಂತು. ಉಳಿದ ಅರ್ಧ ಏರನ್ನು ದೂಡಿಕೊಂಡು ಹೋದೆ. ಅಳು ಬಂತು ಎಂದರೆ ನೀವು ನಗುತ್ತೀರಿ, ಆದರೆ ಬಂದದ್ದು ನಿಜ.

ಮಾರನೆಯ ದಿನವೂ ಅದೇ ಆಯಿತು, ಅದರ ಮಾರನೆಯ ದಿನವೂ. ಬೇಗ ಹೊರಟು ನೋಡಿದೆ. ಒಕ್ಕಲಿಗನಿಗಿಂತ ಬೇಗ ಹೊಲ ಮುಟ್ಟುವವರುಂಟೇ? ತಡವಾಗಿ ಹೊರಟರೆ ಮಕ್ಕಳು ಶಾಲೆಯ ಕಟ್ಟೆಯ ಮೇಲೆ ಕುಣಿಯುತ್ತಿದ್ದರು. ಅಲ್ಲಿ ನಿಲ್ಲಬೇಡಿ ಎಂದು ಮಾವನಿಗೆ ಹೇಳಿಕಳಿಸಲು ಬರುತ್ತದೆಯೇ? ಅವರ ಹೊಲ, ಅವರ ಮರ. ಇಳಿಯಬೇಡ ಎಂದು ಅವರೂ ನನಗೆ ಹೇಳುವಂತಿರಲಿಲ್ಲ, ಅವರು ಹಾಕಿದ ಕಟ್ಟಾಗಿದ್ದರೆ ತಾನೇ ಅವರು ಬಿಚ್ಚುವುದು. ಒಂದು ಭಾನುವಾರ ಪಾತ್ರೆ ತಿಕ್ಕುತ್ತ, ಈ ಮಾವನಿಗೆ ಒಂದು ದಿನದ ಮಟ್ಟಿಗೆ ಸಣ್ಣದೊಂದು ನೆಗಡಿ ಬರಬಾರದೇ ಎಂದುಕೊಂಡೆ. ಸೋಮವಾರ ನಿಜವಾಗಿಯೂ ಅವರಿಗೆ ಜ್ವರ ಬಂತು. ಏರು ಖಾಲಿಯಿತ್ತು. ನಾನು ಹೆದರಿ ರಜೆ ಹಾಕಿ, ದಿನವೆಲ್ಲ ಅವರಿಗೆ ಗಂಜಿ ಕಾಯಿಸಿದೆ. "ಇವತ್ತ ಸಾಲಿ ಇಲ್ಲೇನಂತ ಕೇಳು" ಎಂದು ಹಾಸಿಗೆಯಿಂದ ಮಾವ ಕೇಳಿಸಿದರು. "ತಲಿ ನೋವ್ರಿ ಅಂತ ಹೇಳ್ರಿ" ಎಂದೆ.

ನಗಬೇಡಿ. ಒಂದು ಏರಿಗೆ ಇಷ್ಟೇಕೆ ಎಂದು ನಾನೂ ನನ್ನನ್ನು ಕೇಳಿಕೊಂಡಿದ್ದೆ. ಒಂದೇ ಒಂದನ್ನಾದರೂ ಪೂರ್ತಿ ಮಾಡಬೇಕು, ನಡುವೆ ಎದ್ದು ನಿಲ್ಲದೆ, ನಡುವೆ ಇಳಿಯದೆ. ಅದು ದೊಡ್ಡದೇನೂ ಆಗಬೇಕಿರಲಿಲ್ಲ. ಅಷ್ಟೇ ನನ್ನ ಆಸೆ.

ಹೊಲದಲ್ಲಿ ನಮ್ಮಿಬ್ಬರ ನಡುವೆ ಮಾತು ದಾಟಿಸಲು ಅತ್ತೆ ಇರಲಿಲ್ಲ. ಆ ಕೆಲಸವನ್ನು ಕೆಂದ್ಯಾ ಎಂಬ ನಮ್ಮ ಕೆಂಪು ಎತ್ತು ಮಾಡುತ್ತಿತ್ತು. ಮೋಡವಾಗಿದ್ದರೆ ಮಾವ ಅದಕ್ಕೆ, "ಕೆಂದ್ಯಾ, ಸಂಜಿಗಿ ಮಳಿ ಬರತೈತಿ, ಜಲ್ದಿ ಮನಿ ಮುಟ್ಟಬೇಕು" ಎನ್ನುತ್ತಿದ್ದರು. ನಾನು ಶಾಲೆಯಿಂದ ಬೇಗ ಹೊರಡುತ್ತಿದ್ದೆ. ನಾನು ಬೇವಿನ ಮರದವರೆಗೆ ತುಳಿದುಕೊಂಡೇ ಬಂದು, ಇಳಿದು, ಮುಖ ಸಪ್ಪೆ ಮಾಡಿಕೊಂಡು ಹೋಗುವುದನ್ನು ಅವರು ಎಷ್ಟು ದಿನ ನೋಡಿದರೋ. ಒಂದು ದಿನ ಸೆರಗು ಹೊದ್ದು ಹಾಯುತ್ತಿದ್ದಾಗ ಹಿಂದಿನಿಂದ ದನಿ ಬಂತು. "ಏರಿನಾಗ ತುದಿ ನೋಡಬಾರದೋ ಕೆಂದ್ಯಾ. ಮುಂದಿನ ನಾಕ ಹೆಜ್ಜಿ ಅಷ್ಟ ನೋಡಬೇಕು. ತುದಿ ನೋಡಿದ್ರ ಎದಿ ಒಡೀತೈತಿ." ಓರೆಗಣ್ಣಿನಿಂದ ನೋಡಿದೆ. ಕೆಂದ್ಯಾ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. ಅದಕ್ಕೆ ಆ ಹೊತ್ತಿನಲ್ಲಿ ಯಾವ ಏರನ್ನೂ ಹತ್ತುವ ವಿಚಾರವಿರಲಿಲ್ಲ.

ಬಿಳಿಜೋಳ ತೆನೆ ಹಿಡಿಯುವ ಕಾಲ ಬಂತು. ಮುಂಜಾನೆ ಗಾಳಿ ತಣ್ಣಗಿತ್ತು. ನಾನು ವಾರಿ ಮಾಡುತ್ತ, ನಾಲ್ಕು ಹೆಜ್ಜೆ ನೋಡುತ್ತ, ಮತ್ತೆ ನಾಲ್ಕು ಹೆಜ್ಜೆ ನೋಡುತ್ತ ಬೇವಿನ ಮರದ ಹತ್ತಿರ ಬಂದೆ. ಮಾವ ದಾರಿಯ ಬದಿಗೆ ನಿಂತಿದ್ದರು, ನನ್ನನ್ನು ನೋಡಿದರು. ನಾನು ಬ್ರೇಕಿಗೆ ಬೆರಳು ಹಾಕಿದೆ. ಅಷ್ಟರಲ್ಲಿ ಅವರು ತಿರುಗಿ, ನನ್ನ ಕಡೆ ಬೆನ್ನು ಮಾಡಿ, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟರು. ಹೆಗಲ ಮೇಲಿನ ಟವೆಲು ತೆಗೆದು ಮುಖದ ಮೇಲೆ ಇಟ್ಟುಕೊಂಡರು. ಊರಿಗೆಲ್ಲ ಕೇಳುವಂತೆ ಹೇಳಿದರು, "ಕೆಂದ್ಯಾ, ಕಣ್ಣಾಗ ಧೂಳ ಬಿದ್ದು ನನಗ ಏನಂದ್ರ ಏನೂ ಕಾಣವಲ್ದು. ನೀ ನಿಲ್ಲಬ್ಯಾಡ, ನಡಿ!"

ಕೆಂದ್ಯಾನನ್ನು ಮರಕ್ಕೆ ಕಟ್ಟಿತ್ತು.

ಬೆರಳು ಬ್ರೇಕಿನಿಂದ ಜಾರಿತು. ನಾನು ಅವರ ಬೆನ್ನಿನ ಪಕ್ಕದಲ್ಲೇ, ಬರಿದಲೆಯಲ್ಲಿ, ಕಾಲಲ್ಲಿ ಚಪ್ಪಲಿ ಹಾಕಿಕೊಂಡು, ಸೈಕಲ್ಲಿನ ಮೇಲೆ ಕೂತು ಹಾದುಹೋದೆ. ಮೈಯೆಲ್ಲ ಜುಮ್ಮೆಂದಿತು. ಬೇವಿನ ಮರ ಹಿಂದಕ್ಕೆ ಹೋಯಿತು. ಅದರಾಚೆಯ ಹಾದಿಯನ್ನು ನಾನು ನೂರು ಸಲ ನಡೆದಿದ್ದೆ, ಹತ್ತುವಾಗ ಗಾಲಿಯ ಮೇಲಿನಿಂದ ಒಂದು ಸಲವೂ ನೋಡಿರಲಿಲ್ಲ. ಅದು ಬೇರೆಯೇ ಹಾದಿಯಾಗಿತ್ತು. ಕೆಳಗಿನ ಅರ್ಧಕ್ಕಿಂತ ಕಡಿದು, ಹರಳುಗಲ್ಲು ಹೆಚ್ಚು. ಗಾಲಿ ಜಾರುತ್ತಿತ್ತು. ಒಮ್ಮೆ ಎಡಕ್ಕೆ ಎಳೆಯಿತು, ಕಣದ ಹಳೆಯ ರೋಗ. ಕೈ ಬಿಗಿ ಹಿಡಿದು ಬಲಕ್ಕೆ ತಂದೆ. ತುದಿಗೆ ಇಪ್ಪತ್ತು ಮಾರು ಇದ್ದಾಗ ಸಾಕೆನಿಸಿತು. ಇಷ್ಟು ಬಂದದ್ದೇ ದೊಡ್ಡದು, ಯಾರೂ ನೋಡುತ್ತಿಲ್ಲ, ಇಳಿ ಎಂದು ಮನಸ್ಸು ಹೇಳಿತು. ಆದರೆ ಒಬ್ಬ ಮನುಷ್ಯ ನನಗಾಗಿ ಕಣ್ಣು ಮುಚ್ಚಿ ಕೂತಿದ್ದ. ನಾಲ್ಕು ಹೆಜ್ಜೆ, ಮತ್ತೆ ನಾಲ್ಕು ಹೆಜ್ಜೆ. ಪೆಡಲು ಹಗುರಾಯಿತು. ತುಳಿಯದೆಯೇ ಗಾಲಿ ತಿರುಗಿತು.

ಇಳಿದು, ಸೈಕಲ್ಲನ್ನು ಅಲ್ಲೇ ಮಲಗಿಸಿ, ಅದರ ಪಕ್ಕದಲ್ಲಿ ನಾನೂ ಕೂತೆ. ಹಿಂದೆ ತಿಕೋಟಾದ ಮರಗಳು, ಮುಂದೆ ವಸ್ತಿಯ ಹೊಗೆ, ಎಡಕ್ಕೆ ದೂರದಲ್ಲಿ ಬೋರಲು ಹಾಕಿದ ಬಟ್ಟಲಿನಷ್ಟು ಗೋಳಗುಮ್ಮಟ. ಗಾಳಿ ಬಂದು ಕುತ್ತಿಗೆಯ ಬೆವರು ಆರಿಸಿತು. ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕೆ. ಅಂಥ ಸುಖವನ್ನು ನಾನು ಮುಂದೆ ಕೆಲವೇ ಸಲ ಕಂಡಿದ್ದೇನೆ. ಮಗಳು ಹುಟ್ಟಿದಾಗ ಒಮ್ಮೆ, ಮತ್ತೊಂದೆರಡು ಸಲ.

ಸಂಜೆ ಶಾಲೆ ಬಿಟ್ಟು ಬಂದಾಗ ಮಡ್ಡಿಯ ತುದಿಯಲ್ಲೇ ಇಳಿದೆ. ಇಳಿಜಾರಿನಲ್ಲಿ ಬೇವಿನ ಮರದವರೆಗೆ ಗಾಳಿಯಂತೆ ಹೋಗುವುದು ನನ್ನ ರೂಢಿ. ಆ ದಿನ ಹೋಗಬೇಕೆನಿಸಲಿಲ್ಲ. ಸೆರಗು ಹೊದ್ದು, ಚಪ್ಪಲಿ ಹ್ಯಾಂಡಲ್ಲಿಗೆ ಸಿಕ್ಕಿಸಿ, ದೂರದಿಂದಲೇ ಮಾವನಿಗೆ ಕಾಣುವಂತೆ ನಡೆದು ಬಂದೆ. ಮುಂಜಾನೆ ಅವರು ಕೊಟ್ಟದ್ದಕ್ಕೆ ಬದಲಾಗಿ ನನ್ನಲ್ಲಿದ್ದದ್ದು ಅಷ್ಟೇ. ಅವರು ಎತ್ತು ಬಿಚ್ಚಿಕೊಂಡು ಮನೆಗೆ ಹೊರಟಿದ್ದರು. ಮುಂದೆ ಮಾವ, ನಡುವೆ ಎತ್ತುಗಳು, ಹಿಂದೆ ಸೈಕಲ್ಲು ದೂಡಿಕೊಂಡು ನಾನು. ಹಾಗೆಯೇ ಏರು ಇಳಿದೆವು.

ಆಮೇಲೆ ಮಾವ ಹಿಂದೆ ತಿರುಗದೆ ಕೇಳಿದರು, "ಬೇವಿನ ಗಿಡದಿಂದ ಮ್ಯಾಲ, ಗಾಲಿ ಮ್ಯಾಲ ಕುಂತು ಹೋಗೂದು ಹ್ಯಾಂಗಿರತೈತವ್ವಾ?"

ಕೆಂದ್ಯಾನ ಹೆಸರು ಹಿಡಿದಿರಲಿಲ್ಲ. ನಾನು ಅತ್ತಿತ್ತ ನೋಡಿದೆ. ಹಾದಿಯಲ್ಲಿ ನಾನಲ್ಲದೆ 'ಅವ್ವಾ' ಎನ್ನಿಸಿಕೊಳ್ಳುವವರು ಯಾರೂ ಇರಲಿಲ್ಲ. "ಮಾವಾರ..." ಎಂದೆ. ಮದುವೆಯಾಗಿ ಎರಡು ವರ್ಷಕ್ಕೆ ಅವರೊಡನೆ ಆಡಿದ ಮೊದಲ ಮಾತು ಅದು. ಅವರು ಸೈಕಲ್ಲು ತುಳಿದವರಲ್ಲ ಎಂದು ಆಗ ಹೊಳೆಯಿತು. ಹೇಳತೊಡಗಿದೆ. ಬುಡದಿಂದ ಶುರು ಮಾಡಿದೆ, ಖಾಜಾಸಾಬನ ಉಪಾಯ, ತೊಡೆಯ ಉರಿ, ಕಿವಿಯೊಳಗಿನ ಬಡಿತ. ಮಾವ ಮುಂದೆ ನೋಡುತ್ತ ನಡೆಯುತ್ತಿದ್ದರು. ನಡುನಡುವೆ "ಹೂಂ" ಎನ್ನುತ್ತಿದ್ದರು. ನಾನು ಅವಸರ ಮಾಡಲಿಲ್ಲ.

ಮನೆ ಬಂದಾಗ ನನ್ನ ಮಾತು ಇನ್ನೂ ತುದಿಯಿಂದ ಇಪ್ಪತ್ತು ಮಾರು ಕೆಳಗಿತ್ತು. ಬಾಗಿಲಲ್ಲಿ ಅತ್ತೆ ಕಾಲಿಗೆ ನೀರು ಹಿಡಿದು ನಿಂತಿದ್ದರು. ನಾನು ರೂಢಿಯಂತೆ ಬಾಯಿ ಮುಚ್ಚಿದೆ. ಮಾವ ಎತ್ತುಗಳನ್ನು ಕಟ್ಟಲಿಲ್ಲ, ಚರಿಗೆಗೆ ಕೈ ಚಾಚಲಿಲ್ಲ. ಹಗ್ಗ ಹಿಡಿದುಕೊಂಡೇ ಅಂಗಳದಲ್ಲಿ ನಿಂತು ಅತ್ತೆಗೆ ಹೇಳಿದರು, "ತಡಿ. ಆಕಿದು ಇನ್ನ ಮುಗದಿಲ್ಲ."

ನಾನು ಪೂರ್ತಿ ಹೇಳಿದೆ.